ಉಪಗ್ರಹ ಸ್ಥಾನನಿರ್ಣಯದ ಗ್ರಾಹಕಯಂತ್ರಗಳಲ್ಲಿ ಅಡಚಣೆಯ ನಿವಾರಣೆ: ಚಿಪ್ಪಿನ ವಿನ್ಯಾಸದ ಒಂದು ಮೂಲತತ್ತ್ವ

೧. ಪ್ರಸ್ತಾವನೆ

ಭೂಮಿಯನ್ನು ಸುತ್ತುತ್ತಿರುವ ಉಪಗ್ರಹಗಳಿಂದ ಬರುವ ರೇಡಿಯೋ ತರಂಗಗಳನ್ನು ಗ್ರಹಿಸಿ, ಅವು ಹೊರಟ ಕಾಲಕ್ಕೂ ಬಂದು ಸೇರಿದ ಕಾಲಕ್ಕೂ ಇರುವ ಅಂತರವನ್ನು ಅಳೆದು, ಅದರಿಂದ ನಾವಿರುವ ಸ್ಥಾನವನ್ನು ಕಂಡುಕೊಳ್ಳುವ ವಿಧಾನವು ಇಂದು ಜನಜೀವನದ ಅನೇಕ ವ್ಯವಹಾರಗಳಿಗೆ ಆಧಾರವಾಗಿ ನಿಂತಿದೆ. ಹಡಗು ವಿಮಾನಗಳ ಸಂಚಾರ ಮಾತ್ರವಲ್ಲ, ದೂರವಾಣಿ ಜಾಲಗಳ ಮತ್ತು ವಿದ್ಯುತ್ಪ್ರಸಾರ ಕೇಂದ್ರಗಳ ಗಡಿಯಾರಗಳೂ ಈ ತರಂಗಗಳನ್ನು ನೆಚ್ಚಿಕೊಂಡಿವೆ. ಇಷ್ಟು ಭಾರವನ್ನು ಹೊತ್ತಿರುವ ಈ ತರಂಗಗಳು ಮಾತ್ರ ಅತ್ಯಂತ ದುರ್ಬಲವಾದುವು. ಅಲ್ಪವಾದ ಒಂದು ಅನ್ಯತರಂಗವೂ ಅವುಗಳನ್ನು ಮುಚ್ಚಿಹಾಕಬಲ್ಲುದು.

ಇದು ಕೇವಲ ಊಹೆಯ ಮಾತಲ್ಲ. ೨೦೦೧ರಲ್ಲಿ ಕ್ಯಾಲಿಫೋರ್ನಿಯದ ಮಾಸ್ ಲ್ಯಾಂಡಿಂಗ್ ಎಂಬ ಬಂದರಿನಲ್ಲಿ ಸ್ಥಾನನಿರ್ಣಯದ ಯಂತ್ರಗಳು ಕೆಲಸಮಾಡದೆ ಹೋದುವು; ಹುಡುಕಿ ನೋಡಲಾಗಿ, ದೋಣಿಗಳ ಮೇಲಿದ್ದ ಟೆಲಿವಿಷನ್ ಆಂಟೆನಾಗಳ ವರ್ಧಕಗಳು ಕೆಟ್ಟು ತಾವೇ ತರಂಗಗಳನ್ನು ಹೊರಸೂಸುತ್ತಿದ್ದುದು ಕಂಡುಬಂತು. ಅಮೆರಿಕದ ನ್ಯೂಅರ್ಕ್ ವಿಮಾನನಿಲ್ದಾಣದಲ್ಲಿ ೨೦೦೯ರಲ್ಲಿ ಸ್ಥಾಪಿತವಾದ ಉಪಕರಣಕ್ಕೆ, ಪಕ್ಕದ ಹೆದ್ದಾರಿಯಲ್ಲಿ ಹಾದುಹೋಗುವ ವಾಹನಗಳಲ್ಲಿದ್ದ ಅಂಗೈಯಗಲದ ಅಡಚಣೆಯಂತ್ರಗಳಿಂದ ಮತ್ತೆ ಮತ್ತೆ ಭಂಗವುಂಟಾಯಿತು. ತನ್ನ ವಾಹನದ ಜಾಡು ಮಾಲಿಕರಿಗೆ ತಿಳಿಯದಿರಲೆಂದು ಅಂಥ ಯಂತ್ರವನ್ನಿಟ್ಟುಕೊಂಡಿದ್ದ ಒಬ್ಬ ಚಾಲಕನಿಗೆ ೨೦೧೩ರಲ್ಲಿ ಸುಮಾರು ೩೨,೦೦೦ ಡಾಲರುಗಳ ದಂಡವನ್ನು ಗೊತ್ತುಪಡಿಸಲಾಯಿತು. ೨೦೨೪ರ ಏಪ್ರಿಲ್ ಕೊನೆಯಲ್ಲಿ ಫಿನ್‌ಲ್ಯಾಂಡಿನ ವಿಮಾನಸಂಸ್ಥೆಯೊಂದು ಎಸ್ಟೋನಿಯದ ಟಾರ್ಟು ನಗರಕ್ಕೆ ಹೋಗುವ ತನ್ನ ವಿಮಾನಗಳನ್ನು ಇದೇ ಕಾರಣಕ್ಕಾಗಿ ಒಂದು ತಿಂಗಳ ಕಾಲ ನಿಲ್ಲಿಸಬೇಕಾಯಿತು. ಕೆಟ್ಟ ಉಪಕರಣ, ಅವಿವೇಕದ ಬಳಕೆ, ಬುದ್ಧಿಪೂರ್ವಕವಾದ ಪ್ರಸಾರ ಇವುಗಳಲ್ಲಿ ಕಾರಣವು ಯಾವುದಾದರೂ ಆಗಿರಲಿ, ಗ್ರಾಹಕಯಂತ್ರದ ಪಾಲಿಗೆ ಪರಿಣಾಮವು ಒಂದೇ.

ಇಂಥ ಅಡಚಣೆಯನ್ನು ಗ್ರಾಹಕಯಂತ್ರದೊಳಗಿನ ಚಿಪ್ಪಿನಲ್ಲಿಯೇ ನಿವಾರಿಸುವುದು ಹೇಗೆಂಬುದನ್ನು ಈ ಲೇಖನದಲ್ಲಿ ವಿವೇಚಿಸಲಾಗಿದೆ. ಪ್ರತಿಪಾದಿಸಬೇಕೆಂದಿರುವ ಮಾತು ಒಂದೇ: ನಿವಾರಣೆಯ ಗಣಿತವು ಎಷ್ಟೇ ಚತುರವಾಗಿದ್ದರೂ, ತರಂಗವು ಅಂಕೆಗಳಾಗಿ ಮಾರ್ಪಡುವ ಮೊದಲ ಬಾಗಿಲಿನಲ್ಲಿ ಕಳೆದುಹೋದುದನ್ನು ಅದು ಮರಳಿ ತರಲಾರದು. ಆದುದರಿಂದ ಗ್ರಾಹಕಯಂತ್ರದ ಸಾಮರ್ಥ್ಯವು ನಿರ್ಧಾರವಾಗುವುದು ಆ ಬಾಗಿಲಿನ ಅಗಲದಿಂದಲೇ. ಉದಾಹರಣೆಗಾಗಿ ಅಮೆರಿಕದ ಜಿ.ಪಿ.ಎಸ್. ವ್ಯವಸ್ಥೆಯಲ್ಲಿ ನಾಗರಿಕರ ಬಳಕೆಗೆ ಬಿಟ್ಟಿರುವ, ೧೫೭೫.೪೨ ಮೆಗಾಹರ್ಟ್ಸ್ ಆವರ್ತಾಂಕದ ಸಂಜ್ಞೆಯನ್ನು ತೆಗೆದುಕೊಳ್ಳೋಣ.

೨. ಸಂಜ್ಞೆಯ ದೌರ್ಬಲ್ಯ

ಜಿ.ಪಿ.ಎಸ್. ಉಪಗ್ರಹಗಳು ಭೂಮಿಯಿಂದ ಸುಮಾರು ೨೦,೨೦೦ ಕಿಲೋಮೀಟರ್ ಎತ್ತರದಲ್ಲಿವೆ. ಒಂದು ಸಾಧಾರಣ ವಿದ್ಯುದ್ದೀಪದ ಶಕ್ತಿಗೆ ಹೋಲಿಸಬಹುದಾದ ಶಕ್ತಿಯಿಂದ ಹೊರಟ ತರಂಗವು ಅಷ್ಟು ದೂರ ಹರಡಿಕೊಂಡು ಬರುವಾಗ ಕ್ಷೀಣಿಸುವುದು ಸಹಜ. ನೆಲದ ಮೇಲಿನ ಸಾಮಾನ್ಯ ಆಂಟೆನಾಕ್ಕೆ ದೊರೆಯಬೇಕೆಂದು ಗೊತ್ತುಮಾಡಿರುವ ಕನಿಷ್ಠ ಶಕ್ತಿಯು ಒಂದು ವಾಟಿಗಿಂತ ೧೫೮.೫ ಡೆಸಿಬೆಲ್ ಕಡಿಮೆ. ಒಂದು ವಾಟನ್ನು ಕೋಟಿ ಭಾಗ ಮಾಡಿ, ಅದರ ಒಂದು ಭಾಗವನ್ನು ಮತ್ತೆ ಕೋಟಿ ಭಾಗ ಮಾಡಿ, ಹಾಗೆ ಬಂದುದರ ನೂರರಲ್ಲೊಂದು ಪಾಲನ್ನು ತೆಗೆದುಕೊಂಡರೆ ಸರಿಸುಮಾರು ಈ ಪ್ರಮಾಣವಾಗುವುದು.

ಪ್ರತಿಯೊಂದು ವಿದ್ಯುದ್ವಾಹಕದಲ್ಲಿಯೂ ಉಷ್ಣದ ಕಾರಣದಿಂದ ಎಲೆಕ್ಟ್ರಾನುಗಳು ಅಡ್ಡಾದಿಡ್ಡಿಯಾಗಿ ಚಲಿಸುತ್ತ ಒಂದು ಬಗೆಯ ಗದ್ದಲವನ್ನು ಉಂಟುಮಾಡುತ್ತಿರುತ್ತವೆ. ೨೯೦ ಕೆಲ್ವಿನ್ ಉಷ್ಣತೆಯಲ್ಲಿ, ಈ ಸಂಜ್ಞೆಯು ವ್ಯಾಪಿಸಿರುವ ಸುಮಾರು ೨ ಮೆಗಾಹರ್ಟ್ಸ್ ಅಗಲದ ಪಟ್ಟಿಯೊಳಗೆ ಇರುವ ಉಷ್ಣಜನ್ಯ ಗದ್ದಲದ ಶಕ್ತಿಯು ವಾಟಿಗಿಂತ ೧೪೧ ಡೆಸಿಬೆಲ್ ಕಡಿಮೆ. ಎಂದಮೇಲೆ, ಸಂಜ್ಞೆಯು ಗದ್ದಲದ ಸುಮಾರು ಅರುವತ್ತರಲ್ಲೊಂದು ಪಾಲು ಮಾತ್ರ. ಯಾವ ಅಡಚಣೆಯೂ ಇಲ್ಲದ ಪ್ರಶಾಂತ ದಿನದಲ್ಲಿಯೂ ಅದು ಗದ್ದಲದ ಕೆಳಗೆ ಹುದುಗಿಯೇ ಇರುತ್ತದೆಂಬುದನ್ನು ನೆನಪಿಡಬೇಕು. ಮುಂದಿನ ವಿವೇಚನೆಯಲ್ಲಿ ಈ ಸಂಗತಿಯು ಒಮ್ಮೆ ತೊಡಕಾಗಿಯೂ ಒಮ್ಮೆ ಸಹಾಯವಾಗಿಯೂ ಪರಿಣಮಿಸುವುದು.

೩. ಸಂಕೇತದ ಬಲ ಮತ್ತು ಅದರ ಮಿತಿ

ಹೀಗೆ ಹುದುಗಿರುವ ಸಂಜ್ಞೆಯನ್ನು ಹೊರತೆಗೆಯುವುದು ಹೇಗೆ? ಪ್ರತಿಯೊಂದು ಉಪಗ್ರಹವೂ ತನಗೇ ಮೀಸಲಾದ ಒಂದು ಸಂಕೇತಮಾಲೆಯನ್ನು ಕಳುಹಿಸುತ್ತದೆ. ಧನ, ಋಣ ಎಂಬ ಎರಡೇ ಬಗೆಯ ೧,೦೨೩ ಘಟಕಗಳಿಂದಾದ ಈ ಮಾಲೆಯು ಒಂದು ಮಿಲಿಸೆಕೆಂಡಿನಲ್ಲಿ ಮುಗಿದು ಪುನಃ ಮೊದಲಿನಿಂದ ಆರಂಭವಾಗುತ್ತದೆ. ಹತ್ತು ಹತ್ತು ಮೆಟ್ಟಿಲುಗಳ ಎರಡು ರಿಜಿಸ್ಟರುಗಳನ್ನು ಜೋಡಿಸಿ ಇಂಥ ಮಾಲೆಗಳನ್ನು ಪಡೆಯಬಹುದು. ಒಂದು ಮಾಲೆಯನ್ನು ಇನ್ನೊಂದೆಂದು ಭ್ರಮಿಸಲು ಅವಕಾಶವಿಲ್ಲದಂಥ ಮಾಲೆಗಳ ಸಮೂಹವನ್ನು ರಚಿಸುವ ಕ್ರಮವನ್ನು ರಾಬರ್ಟ್ ಗೋಲ್ಡ್ ೧೯೬೭ರಲ್ಲಿ ಪ್ರಕಟಿಸಿದರು.

ಗ್ರಾಹಕಯಂತ್ರವು ಅದೇ ಮಾಲೆಯನ್ನು ತನ್ನಲ್ಲಿಯೇ ಉತ್ಪಾದಿಸಿ, ಬಂದ ತರಂಗದೊಡನೆ ಘಟಕ ಘಟಕವಾಗಿ ಗುಣಿಸಿ, ಫಲಗಳನ್ನು ಕೂಡಿಸುತ್ತದೆ. ಎರಡು ಮಾಲೆಗಳೂ ಸರಿಯಾಗಿ ಹೊಂದಿಕೊಂಡಾಗ ಸಂಜ್ಞೆಯ ಪಾಲೆಲ್ಲ ಒಂದೇ ಚಿಹ್ನೆಯಿಂದ ಕೂಡಿಕೊಳ್ಳುತ್ತ ಬೆಳೆಯುತ್ತದೆ. ಗದ್ದಲದ ಪಾಲು ಧನವೂ ಋಣವೂ ಆಗಿ ಬಹುಮಟ್ಟಿಗೆ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಇದಕ್ಕೆ ಸಹಸಂಬಂಧ ಕ್ರಿಯೆಯೆಂದು ಹೆಸರು. ಉಪಗ್ರಹವು ಕಳುಹಿಸುವ ವರ್ತಮಾನದ ವೇಗವು ಸೆಕೆಂಡಿಗೆ ೫೦ ಬಿಟ್. ಎಂದರೆ ಒಂದೊಂದು ಬಿಟ್ಟಿಗೂ ೨೦ ಮಿಲಿಸೆಕೆಂಡುಗಳ, ೨೦,೪೬೦ ಘಟಕಗಳ, ಕಾಲಾವಕಾಶವಿದೆ. ಅಷ್ಟು ಕಾಲ ಕೂಡಿಸಿದರೆ ಗದ್ದಲದ ಎದುರಿನಲ್ಲಿ ದೊರೆಯುವ ಲಾಭವು ಸುಮಾರು ೪೦,೦೦೦ ಪಟ್ಟು. ಅರುವತ್ತರಲ್ಲೊಂದು ಪಾಲಾಗಿದ್ದ ಸಂಜ್ಞೆಯು ಆಗ ಗದ್ದಲದ ೭೦೦ ಪಟ್ಟಾಗಿ ಮೇಲೇಳುತ್ತದೆ.

ಅಡಚಣೆಯ ತರಂಗಕ್ಕೂ ಇದೇ ಉಪಾಯವು ಸಾಲದೆ? ಒಂದು ಲೆಕ್ಕವನ್ನು ಮಾಡಿ ನೋಡೋಣ. ೧೦ ಮಿಲಿವಾಟ್ ಶಕ್ತಿಯ, ಒಂದೇ ಆವರ್ತಾಂಕದ, ಚಿಕ್ಕ ಯಂತ್ರವೊಂದು ಒಂದು ಕಿಲೋಮೀಟರ್ ದೂರದಲ್ಲಿದೆಯೆಂದು ಭಾವಿಸೋಣ. ಮಧ್ಯೆ ಯಾವ ಮರೆಯೂ ಇಲ್ಲದಿದ್ದರೆ ಅದರಿಂದ ನಮ್ಮ ಆಂಟೆನಾಕ್ಕೆ ಬರುವ ಶಕ್ತಿಯು ಉಪಗ್ರಹದ ಸಂಜ್ಞೆಯ ಸುಮಾರು ೧೬,೦೦೦ ಪಟ್ಟು. ಇಂಥ ತರಂಗದ ಎದುರಿನಲ್ಲಿ ಸಹಸಂಬಂಧವು ಕೊಡುವ ಲಾಭವು ಸುಮಾರು ೨೦,೦೦೦ ಪಟ್ಟು. ಎಂದರೆ ಒಂದು ಕಿಲೋಮೀಟರ್ ದೂರದಲ್ಲಿಯೇ ಸಂಕೇತದ ಬಲವೆಲ್ಲ ವೆಚ್ಚವಾಗಿ, ಸಂಜ್ಞೆಯೂ ಅಡಚಣೆಯೂ ಸಮಸಮನಾಗಿ ನಿಲ್ಲುವುವು. ಅದೇ ಯಂತ್ರವು ೧೦೦ ಮೀಟರ್ ಹತ್ತಿರಕ್ಕೆ ಬಂದರೆ ಅಡಚಣೆಯು ಸಂಜ್ಞೆಯ ೧೬ ಲಕ್ಷ ಪಟ್ಟಾಗುವುದು. ಆಗ ಸಹಸಂಬಂಧದ ಅನಂತರವೂ ಸಂಜ್ಞೆಯು ಅಡಚಣೆಯ ಎಂಬತ್ತರಲ್ಲೊಂದು ಪಾಲು ಮಾತ್ರ. ಮೇಲಾಗಿ, ಮಾಲೆಯು ಮಿಲಿಸೆಕೆಂಡಿಗೊಮ್ಮೆ ಮರುಕಳಿಸುವುದರಿಂದ ಅದರ ರೋಹಿತವು ಅಖಂಡವಾಗಿರದೆ, ಒಂದೊಂದು ಕಿಲೋಹರ್ಟ್ಸ್ ಅಂತರದ ರೇಖೆಗಳಿಂದ ಕೂಡಿರುವುದು. ಅಡಚಣೆಯ ಆವರ್ತಾಂಕವು ಪ್ರಬಲವಾದ ರೇಖೆಯೊಂದರ ಮೇಲೆ ಬಿದ್ದರೆ ಹಾನಿಯು ಇನ್ನೂ ಹೆಚ್ಚು. ಆದುದರಿಂದ ಸಹಸಂಬಂಧಕ್ಕೆ ಮುಂಚೆಯೇ ಅಡಚಣೆಯನ್ನು ತೆಗೆದುಹಾಕುವ ಪ್ರತ್ಯೇಕ ಏರ್ಪಾಟು ಅವಶ್ಯಕವಾಗುವುದು.

೪. ಅಂಕಪರಿವರ್ತಕವೆಂಬ ಬಾಗಿಲು

ಈಗ ಚಿಪ್ಪಿನೊಳಕ್ಕೆ ಪ್ರವೇಶಿಸೋಣ. ಆಂಟೆನಾದಿಂದ ಬಂದ ತರಂಗವನ್ನು ವರ್ಧಿಸಿ, ಕೆಳಗಿನ ಆವರ್ತಾಂಕಕ್ಕೆ ಇಳಿಸಿ, ಸೆಕೆಂಡಿಗೆ ಕೆಲವು ದಶಲಕ್ಷ ಸಲ ಅದರ ಬೆಲೆಯನ್ನು ಅಳೆದು ಅಂಕೆಗಳನ್ನಾಗಿ ಮಾಡುವ ಭಾಗಕ್ಕೆ ಅಂಕಪರಿವರ್ತಕವೆನ್ನಬಹುದು. ಹೀಗೆ ಅಳೆದ ಒಂದೊಂದು ಬೆಲೆಯೂ ಒಂದು ಮಾದರಿ. ಅದನ್ನು ಎಷ್ಟು ಬಿಟ್ಟುಗಳಲ್ಲಿ ಬರೆಯಬೇಕೆಂಬುದು ವಿನ್ಯಾಸಕಾರನು ಮೊದಲಿಗೇ ತೀರ್ಮಾನಿಸಬೇಕಾದ ವಿಷಯ.

ಅಡಚಣೆಯಿಲ್ಲದಾಗ ಇಲ್ಲಿ ಆಶ್ಚರ್ಯಕರವಾದ ಮಿತವ್ಯಯವು ಸಾಧ್ಯ. ಸಂಜ್ಞೆಯು ಗದ್ದಲದ ಕೆಳಗೇ ಇರುವುದರಿಂದ ಸೂಕ್ಷ್ಮವಾದ ಅಳತೆಯ ಅಗತ್ಯವಿಲ್ಲ. ಬೆಲೆಯು ಧನವೋ ಋಣವೋ ಎಂಬುದನ್ನು ಮಾತ್ರ ಒಂದು ಬಿಟ್ಟಿನಲ್ಲಿ ಬರೆದಿಟ್ಟುಕೊಂಡರೂ ನಷ್ಟವು ಸುಮಾರು ೨ ಡೆಸಿಬೆಲ್. ಎರಡು ಬಿಟ್ಟುಗಳಲ್ಲಿ ಬರೆದರೆ ಅರ್ಧ ಡೆಸಿಬೆಲಿಗಿಂತ ಸ್ವಲ್ಪ ಹೆಚ್ಚು. ಈ ಕಾರಣದಿಂದಲೇ ಬಹುಕಾಲ ಬಳಕೆಯಲ್ಲಿದ್ದ ಜಿಪಿ೨೦೧೫ ಎಂಬ ಚಿಪ್ಪು ಎರಡು ಬಿಟ್ಟುಗಳನ್ನು ಮಾತ್ರ ಹೊರಕೊಡುತ್ತಿತ್ತು. ಮ್ಯಾಕ್ಸ್೨೭೬೯ ಎಂಬುದರಲ್ಲಿ ಒಂದರಿಂದ ಮೂರು ಬಿಟ್ಟುಗಳವರೆಗೆ ಆಯ್ದುಕೊಳ್ಳಲು ಅವಕಾಶವಿದೆ. ಇದರ ಲಾಭವು ಮುಂದಿನ ಹಂತದಲ್ಲಿಯೂ ಕಂಡುಬರುವುದು. ಒಂದು ಬಿಟ್ಟಿನ ಎರಡು ಸಂಖ್ಯೆಗಳ ಗುಣಾಕಾರಕ್ಕೆ ಒಂದೇ ಒಂದು ತರ್ಕದ್ವಾರ ಸಾಕು: ಚಿಹ್ನೆಗಳು ಒಂದೇ ಆದರೆ ಧನ, ಬೇರೆಯಾದರೆ ಋಣ. ಒಂಬತ್ತು ಬಿಟ್ಟಿನ ಎರಡು ಸಂಖ್ಯೆಗಳನ್ನು ಗುಣಿಸಬೇಕಾದರೋ ೮೧ ಬಿಡಿ ಗುಣಲಬ್ಧಗಳನ್ನು ಪಡೆದು ಅವನ್ನೆಲ್ಲ ಕೂಡಿಸಬೇಕು. ಚಿಪ್ಪಿನ ವಿಸ್ತೀರ್ಣವೂ ವಿದ್ಯುತ್ತಿನ ವೆಚ್ಚವೂ ಅದಕ್ಕೆ ತಕ್ಕಂತೆ ಬೆಳೆಯುವುವು.

ಆದರೆ ಈ ಮಿತವ್ಯಯವು ಪ್ರಶಾಂತ ದಿನಕ್ಕೆ ಮಾತ್ರ ಸಲ್ಲತಕ್ಕದ್ದು. ಗುಲಗಂಜಿಯನ್ನು ತೂಗುವ ಅಕ್ಕಸಾಲಿಗನ ತಕ್ಕಡಿಯ ಮೇಲೆ ಬೆಲ್ಲದ ಪೆಂಟೆಯನ್ನಿಟ್ಟರೆ ತಟ್ಟೆಯು ನೆಲವನ್ನು ಮುಟ್ಟಿಬಿಡುತ್ತದೆ. ಆಮೇಲೆ ಆ ಬೆಲ್ಲದ ಜೊತೆಗೆ ಗುಲಗಂಜಿಯೊಂದು ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ. ೧೦೦ ಮೀಟರ್ ದೂರದ ಯಂತ್ರದಿಂದ ಬರುವ ಅಡಚಣೆಯ ಶಕ್ತಿಯು ಗದ್ದಲದ ಸುಮಾರು ೨೮,೦೦೦ ಪಟ್ಟು. ಆದುದರಿಂದ ಅದರ ಕಂಪವಿಸ್ತಾರವು ಶಿಖರದಲ್ಲಿ ಗದ್ದಲದ ಸರಾಸರಿ ಮಟ್ಟದ ೨೩೭ ಪಟ್ಟಾಗುವುದು. ಒಂದು ಬಿಟ್ಟಿನ ಪರಿವರ್ತಕವು ಚಿಹ್ನೆಯನ್ನಷ್ಟೇ ನೋಡತಕ್ಕದ್ದಾದುದರಿಂದ, ಈ ಮಹಾತರಂಗವು ಸೊನ್ನೆಯ ತೀರ ಸಮೀಪದಲ್ಲಿ ಹಾದುಹೋಗುವ ಕ್ಷಣಗಳಲ್ಲಿ ಮಾತ್ರ ಗದ್ದಲಕ್ಕೂ ಅದರೊಳಗಿನ ಸಂಜ್ಞೆಗೂ ಚಿಹ್ನೆಯನ್ನು ಬದಲಿಸುವ ಅವಕಾಶವುಂಟು. ಲೆಕ್ಕಹಾಕಿದರೆ ಅಂಥವು ಸುಮಾರು ೩೭೦ ಮಾದರಿಗಳಲ್ಲಿ ಒಂದು ಮಾತ್ರ. ಉಳಿದವೆಲ್ಲ ಅಡಚಣೆಯ ಚಿಹ್ನೆಯನ್ನೇ ಬರೆದಿಟ್ಟ ಕಾಗದಗಳು. ಸಂಜ್ಞೆಯು ಅವುಗಳಲ್ಲಿ ಇಲ್ಲವೇ ಇಲ್ಲ. ಇಲ್ಲದುದನ್ನು ಯಾವ ಗಣಿತವೂ ಹುಡುಕಿಕೊಡಲಾರದು.

ಹಾಗಾದರೆ ಎಷ್ಟು ಬಿಟ್ಟುಗಳು ಬೇಕು? ಅಳತೆಯ ಒಂದು ಮೆಟ್ಟಿಲು ಗದ್ದಲದ ಸರಾಸರಿ ಮಟ್ಟದಷ್ಟಿರಬೇಕು, ಆದರೂ ಅಡಚಣೆಯ ಶಿಖರವು ಅಳತೆಯ ಮಿತಿಯನ್ನು ಮೀರಬಾರದು ಎಂಬ ಎರಡು ನಿಬಂಧನೆಗಳನ್ನಿಟ್ಟುಕೊಂಡರೆ ೧೦ ಮಿಲಿವಾಟಿನ ಯಂತ್ರಕ್ಕೆ ಬರುವ ಉತ್ತರಗಳಿವು:

ದೂರ ೧ ಕಿಲೋಮೀಟರ್: ಗದ್ದಲದ ೨೮೦ ಪಟ್ಟು ಶಕ್ತಿ, ೬ ಬಿಟ್.
ದೂರ ೧೦೦ ಮೀಟರ್: ಗದ್ದಲದ ೨೮,೦೦೦ ಪಟ್ಟು ಶಕ್ತಿ, ೯ ಬಿಟ್.
ದೂರ ೧೦ ಮೀಟರ್: ಗದ್ದಲದ ೨೮ ಲಕ್ಷ ಪಟ್ಟು ಶಕ್ತಿ, ೧೩ ಬಿಟ್.

ಒಂದು ಬಿಟ್ಟನ್ನು ಹೆಚ್ಚಿಸಿದರೆ ಸುಮಾರು ೬ ಡೆಸಿಬೆಲಿನಷ್ಟು ಅವಕಾಶವು ಹೆಚ್ಚುವುದೆಂಬ ಸಾಮಾನ್ಯ ನಿಯಮಕ್ಕೆ ಇದು ಅನುಗುಣವಾಗಿಯೇ ಇದೆ.

ಅಡಚಣೆಯು ಕಂಪವಿಸ್ತಾರದಲ್ಲಿ ಬದಲಾವಣೆಯಿಲ್ಲದ ಶುದ್ಧ ತರಂಗವಾಗಿದ್ದರೆ ಅಗ್ಗವಾದ ಒಂದು ಉಪಾಯವೂ ಉಂಟು. ಅಂಥ ತರಂಗವು ಸೊನ್ನೆಯನ್ನು ಬೇಗನೆ ದಾಟಿ, ಶಿಖರಗಳ ಬಳಿಯಲ್ಲಿ ಹೆಚ್ಚು ಕಾಲ ತಡೆದು ನಿಲ್ಲುವುದು. ಆದುದರಿಂದ ಎರಡು ಬಿಟ್ಟಿನ ಪರಿವರ್ತಕದ ಹೊರಗಿನ ಮಿತಿರೇಖೆಗಳನ್ನು ಆ ಶಿಖರಗಳ ಬಳಿಗೆ ಸರಿಸಿಟ್ಟರೆ, ಗದ್ದಲವೂ ಸಂಜ್ಞೆಯೂ ಅಲ್ಲಿ ತಮ್ಮ ಗುರುತನ್ನು ಮೂಡಿಸಬಲ್ಲುವು. ಮೇಲಿನ ಉದಾಹರಣೆಯಲ್ಲಿ ಹೀಗೆ ಉಪಯುಕ್ತವಾಗುವ ಮಾದರಿಗಳು ನೂರಕ್ಕೆ ಸುಮಾರು ೬. ಫ್ರಾಂಕ್ ಅಮೊರೋಸೊ ಈ ಹೊಂದಿಕೊಳ್ಳುವ ಪರಿವರ್ತಕವನ್ನು ೧೯೮೩ರಲ್ಲಿ ವಿವರಿಸಿದರು. ಅಡಚಣೆಯ ವಿಸ್ತಾರವು ಏರಿಳಿಯುವಂಥದಾದರೆ ಅಥವಾ ಅಡಚಣೆಗಳು ಎರಡು ಮೂರಾದರೆ ಈ ಉಪಾಯದ ಫಲವು ಕುಗ್ಗುವುದು. ಆದುದರಿಂದ ಬಿಟ್ಟುಗಳಿಗೆ ಇದು ಪೂರ್ಣ ಪ್ರತಿನಿಧಿಯಾಗಲಾರದು.

ಬಾಗಿಲು ಎಂದಾಗ ಪರಿವರ್ತಕವನ್ನು ಮಾತ್ರವಲ್ಲದೆ ಅದರ ಹಿಂದಿನ ವರ್ಧಕವನ್ನೂ ಗಣನೆಗೆ ತಂದುಕೊಳ್ಳಬೇಕು. ವರ್ಧಕವೇ ತನ್ನ ಮಿತಿಯನ್ನು ಮುಟ್ಟಿ ತರಂಗದ ತುದಿಗಳನ್ನು ಕತ್ತರಿಸಿಬಿಟ್ಟರೆ ಹದಿಮೂರು ಬಿಟ್ಟುಗಳಿದ್ದೂ ವ್ಯರ್ಥ. ಅಡಚಣೆಯು ನಮ್ಮ ಪಟ್ಟಿಯ ಹೊರಗಿದ್ದರೂ ಈ ಅಪಾಯವು ತಪ್ಪಿದ್ದಲ್ಲ. ೧೫೨೫ರಿಂದ ೧೫೫೯ ಮೆಗಾಹರ್ಟ್ಸ್ ವರೆಗಿನ ನೆರೆಯ ಪಟ್ಟಿಯಲ್ಲಿ ನೆಲದ ಮೇಲಿನಿಂದ ಪ್ರಬಲ ಪ್ರಸಾರ ನಡೆಸಲು ಲೈಟ್‌ಸ್ಕ್ವೇರ್ಡ್ ಎಂಬ ಅಮೆರಿಕದ ಕಂಪನಿಯು ಯೋಜಿಸಿದಾಗ, ೨೦೧೧ರ ಪರೀಕ್ಷೆಗಳಲ್ಲಿ ಅನೇಕ ಗ್ರಾಹಕಯಂತ್ರಗಳು ಕಂಗೆಟ್ಟುದು ಕಂಡುಬಂತು. ೨೦೧೨ರಲ್ಲಿ ಅಲ್ಲಿನ ಸಂಪರ್ಕ ಆಯೋಗವು ಅನುಮತಿಯನ್ನು ಹಿಂತೆಗೆದುಕೊಳ್ಳಲು ಮುಂದಾಯಿತು.

೫. ಸೋಸುವ ಕ್ರಮಗಳು

ಅಡಚಣೆಯು ವಿರೂಪಗೊಳ್ಳದೆ ಅಂಕೆಗಳಾಗಿ ಒಳಗೆ ಬಂತೆಂದರೆ ಅದನ್ನು ತೆಗೆಯುವ ಕೆಲಸವು ಆರಂಭವಾಗುವುದು. ಆಂಟೆನಾ ಒಂದೇ ಆಗಿರುವಾಗ ಮುಖ್ಯವಾದ ಕ್ರಮಗಳು ಮೂರು.

ಮೊದಲನೆಯದು ಹೊಂದಿಕೊಳ್ಳುವ ಸೋಸುಕ. ಇದು ಅಡಚಣೆಯ ಆವರ್ತಾಂಕವನ್ನು ತಾನೇ ಹಿಂಬಾಲಿಸುತ್ತ, ಅದರ ಸುತ್ತಲಿನ ಕಿರಿದಾದ ಪಟ್ಟಿಯನ್ನು ಮಾತ್ರ ಕತ್ತರಿಸಿಹಾಕುವುದು. ಇದಕ್ಕೆ ಬೇಕಾಗುವ ಗುಣಾಕಾರ ಮಂಡಲಗಳು ಕೆಲವೇ ಆದುದರಿಂದ ಅಗ್ಗದ ಚಿಪ್ಪಿನಲ್ಲಿಯೂ ಇದಕ್ಕೆ ಸ್ಥಳವುಂಟು. ಆದರೆ ಒಂದು ಸೋಸುಕವು ಒಂದು ತರಂಗವನ್ನೇ ತಡೆಯಬಲ್ಲುದು.

ಎರಡನೆಯದು ರೋಹಿತದಲ್ಲಿ ಕತ್ತರಿಸುವ ಕ್ರಮ. ೧,೦೨೪ ಮಾದರಿಗಳನ್ನು ಒಟ್ಟಿಗೆ ತೆಗೆದುಕೊಂಡು ಫೂರಿಯೇ ರೂಪಾಂತರದಿಂದ ಅವುಗಳ ರೋಹಿತವನ್ನು ಪಡೆದು, ಗದ್ದಲದ ಮಟ್ಟಕ್ಕಿಂತ ಎದ್ದುನಿಂತ ಕೋಶಗಳನ್ನು ಸೊನ್ನೆಮಾಡಿ, ಮತ್ತೆ ಮಾದರಿಗಳಿಗೆ ಹಿಂತಿರುಗಿಸುವುದು ಇದರ ರೀತಿ. ಕೂಲಿ ಮತ್ತು ಟ್ಯೂಕಿ ೧೯೬೫ರಲ್ಲಿ ಪ್ರಕಟಿಸಿದ ಶೀಘ್ರಗಣನೆಯ ವಿಧಾನದಲ್ಲಿ ಇದಕ್ಕೆ ೫,೧೨೦ ಮೂಲಕ್ರಿಯೆಗಳು ಸಾಕು. ಸಂಜ್ಞೆಯು ನೂರಾರು ಕೋಶಗಳಲ್ಲಿ ಹರಡಿಕೊಂಡಿರುವುದರಿಂದ ಹತ್ತು ಕೋಶಗಳನ್ನು ಕಳೆದುಕೊಂಡರೂ ಅದಕ್ಕಾಗುವ ನಷ್ಟವು ಅಲ್ಪ. ಮಾದರಿಗಳ ಗುಂಪನ್ನು ತಟ್ಟನೆ ಕತ್ತರಿಸಿ ತೆಗೆದುಕೊಂಡರೆ ಮಾತ್ರ ಅಡಚಣೆಯು ಅಕ್ಕಪಕ್ಕದ ಕೋಶಗಳಿಗೆ ಸೋರುವುದು: ಮೊದಲ ಪಾರ್ಶ್ವಶಿಖರವು ಮುಖ್ಯಶಿಖರಕ್ಕಿಂತ ೧೩ ಡೆಸಿಬೆಲ್ ಮಾತ್ರ ಕೆಳಗಿರುತ್ತದೆ. ಆದುದರಿಂದ ಗುಂಪಿನ ಅಂಚುಗಳನ್ನು ಕ್ರಮೇಣ ಇಳಿಸಿ, ಆ ನಷ್ಟವನ್ನು ತುಂಬಲು ಗುಂಪುಗಳನ್ನು ಒಂದರ ಮೇಲೊಂದು ಅರ್ಧಕ್ಕೆ ಹೊಂದಿಸುವುದು ವಾಡಿಕೆ.

ಮೂರನೆಯದು ಕಾಲದಲ್ಲಿ ಕತ್ತರಿಸುವ ಕ್ರಮ. ವಿಮಾನಗಳ ದೂರಮಾಪಕ ಕೇಂದ್ರಗಳು ೯೬೦ರಿಂದ ೧,೨೧೫ ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕೆಲವೇ ಮೈಕ್ರೋಸೆಕೆಂಡುಗಳ ಸ್ಪಂದಗಳನ್ನು ಕಳುಹಿಸುತ್ತವೆ, ೧೧೭೬.೪೫ ಮೆಗಾಹರ್ಟ್ಸ್ ಆವರ್ತಾಂಕದ ಸ್ಥಾನನಿರ್ಣಯ ಸಂಜ್ಞೆಯು ಈ ಪಟ್ಟಿಯ ಒಳಗೇ ಇದೆ. ಇಲ್ಲಿ ಸ್ಪಂದವು ಇರುವಷ್ಟು ಹೊತ್ತಿನ ಮಾದರಿಗಳನ್ನು ಸೊನ್ನೆಮಾಡಿದರೆ ಸಾಕು. ಆದರೆ ವರ್ಧಕವು ಸ್ಪಂದವು ಕಳೆದೊಡನೆ ಚೇತರಿಸಿಕೊಳ್ಳುವಂಥದಾಗಿರಬೇಕು.

ಯಾವ ಕ್ರಮವು ಯಾವಾಗ ಸಲ್ಲುವುದೆಂಬುದಕ್ಕೆ ಜಾರು ತರಂಗದ ಅಡಚಣೆಯು ಒಳ್ಳೆಯ ನಿದರ್ಶನ. ವಾಹನಗಳಲ್ಲಿ ಬಳಸುವ ಚಿಕ್ಕ ಯಂತ್ರಗಳಲ್ಲಿ ಅನೇಕವು ತಮ್ಮ ಆವರ್ತಾಂಕವನ್ನು ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಹತ್ತಾರು ಮೆಗಾಹರ್ಟ್ಸ್ ಉದ್ದಕ್ಕೂ ಜಾರಿಸುತ್ತಿರುತ್ತವೆ. ಸೆಕೆಂಡಿಗೆ ೫೦ ಲಕ್ಷ ಮಾದರಿಗಳಿದ್ದರೆ ೧,೦೨೪ರ ಗುಂಪಿಗೆ ೨೦೫ ಮೈಕ್ರೋಸೆಕೆಂಡು ಬೇಕು. ಅಷ್ಟರಲ್ಲಿ ತರಂಗವು ಹಲವು ಸಲ ಜಾರಿ ಎಲ್ಲ ಕೋಶಗಳನ್ನೂ ತುಂಬಿಬಿಡುವುದರಿಂದ ಎರಡನೆಯ ಕ್ರಮವು ನಿಷ್ಫಲ. ಆದರೆ ೨೦ ಮೆಗಾಹರ್ಟ್ಸನ್ನು ೧೦ ಮೈಕ್ರೋಸೆಕೆಂಡಿನಲ್ಲಿ ಜಾರುವ ತರಂಗವು ನಮ್ಮ ೨ ಮೆಗಾಹರ್ಟ್ಸ್ ಪಟ್ಟಿಯೊಳಗೆ ಇರುವುದು ಒಂದೇ ಮೈಕ್ರೋಸೆಕೆಂಡು. ಕಿರಿದಾದ ಪಟ್ಟಿಯ ಗ್ರಾಹಕಯಂತ್ರಕ್ಕೆ ಅದು ಸ್ಪಂದದಂತೆಯೇ ಕಾಣುವುದರಿಂದ ಮೂರನೆಯ ಕ್ರಮದಿಂದ ಅದನ್ನು ತಡೆಯಬಹುದು. ಸಂಜ್ಞೆಯಲ್ಲಿ ಹತ್ತರಲ್ಲೊಂದು ಪಾಲೋ ಅದಕ್ಕಿಂತ ಸ್ವಲ್ಪ ಹೆಚ್ಚೋ ನಷ್ಟವಾಗುವುದು, ಅಷ್ಟೆ.

೬. ಆಂಟೆನಾಗಳ ಸಮೂಹ

ಅಡಚಣೆಯು ಪಟ್ಟಿಯ ತುಂಬ ಸದಾಕಾಲ ಹರಡಿರುವ ಗದ್ದಲದ ರೂಪದ್ದಾದರೆ ಮೇಲಿನ ಮೂರು ಕ್ರಮಗಳಿಂದಲೂ ಪ್ರಯೋಜನವಿಲ್ಲ. ಆಗ ಉಳಿಯುವ ಭೇದವೆಂದರೆ ದಿಕ್ಕು ಮಾತ್ರ. ಈ ತರಂಗದ ಉದ್ದವು ೧೯ ಸ್ಯಾಂಟಿಮೀಟರ್. ಅದರ ಅರ್ಧದಷ್ಟು ಅಂತರದಲ್ಲಿ ನಾಲ್ಕು ಆಂಟೆನಾಗಳನ್ನು ಇಟ್ಟರೆ ಒಂದು ದಿಕ್ಕಿನಿಂದ ಬರುವ ಅಡಚಣೆಯು ನಾಲ್ಕರಲ್ಲಿಯೂ ಬೇರೆ ಬೇರೆ ಪ್ರಾವಸ್ಥೆಯಲ್ಲಿ ದೊರೆಯುವುದು. ಒಂದೊಂದನ್ನೂ ತಕ್ಕ ಗುಣಕದಿಂದ ಗುಣಿಸಿ ಕೂಡಿಸಿದರೆ ಅಡಚಣೆಯು ತನ್ನನ್ನು ತಾನೇ ಅಳಿಸಿಕೊಳ್ಳುವಂತೆ ಮಾಡಬಹುದು. ನಾಲ್ಕು ಆಂಟೆನಾಗಳಿಂದ ಮೂರು ದಿಕ್ಕುಗಳನ್ನೂ ಏಳರಿಂದ ಆರು ದಿಕ್ಕುಗಳನ್ನೂ ಹೀಗೆ ಮುಚ್ಚಬಹುದು.

ಗುಣಕಗಳನ್ನು ಕಂಡುಹಿಡಿಯುವುದಕ್ಕೆ ಸಂಜ್ಞೆಯ ದೌರ್ಬಲ್ಯವೇ ಇಲ್ಲಿ ನೆರವಾಗುವುದು. ಉಪಗ್ರಹದ ಸಂಜ್ಞೆಯು ಗದ್ದಲದ ಕೆಳಗಿರುವುದರಿಂದ, ಗದ್ದಲದ ಮೇಲೆ ಎದ್ದು ಕಾಣುವುದೆಲ್ಲವೂ ಅಡಚಣೆಯೇ. ಆದುದರಿಂದ ಒಂದು ಆಂಟೆನಾದ ಗುಣಕವನ್ನು ಒಂದಕ್ಕೆ ಸ್ಥಿರಪಡಿಸಿ, ಒಟ್ಟು ಶಕ್ತಿಯು ಕನಿಷ್ಠವಾಗುವಂತೆ ಉಳಿದವನ್ನು ಹೊಂದಿಸಿದರೆ ಸಾಕು. ಉಪಗ್ರಹಗಳ ದಿಕ್ಕನ್ನು ತಿಳಿಯುವ ಅಗತ್ಯವೇ ಇಲ್ಲ. ವಿಡ್ರೋ ಮತ್ತು ಹಾಫ್ ೧೯೬೦ರಲ್ಲಿ ರೂಪಿಸಿದ ಕನಿಷ್ಠವರ್ಗದ ನಿಯಮದಿಂದ ಈ ಹೊಂದಾಣಿಕೆಯು ಹಂತ ಹಂತವಾಗಿ ನಡೆಯುವುದು. ವಿಡ್ರೋ ಮತ್ತು ಸಂಗಡಿಗರು ೧೯೬೭ರಲ್ಲಿ ಅದನ್ನು ಆಂಟೆನಾಗಳಿಗೆ ಅನ್ವಯಿಸಿದರು.

ಆದರೆ ಇಲ್ಲಿ ನಡೆಯುವುದು ಎರಡು ದೊಡ್ಡ ರಾಶಿಗಳ ವ್ಯವಕಲನ. ಶೇಷವು ಚಿಕ್ಕದಾಗಿರಬೇಕಾದರೆ ಎರಡು ರಾಶಿಗಳೂ ಆ ಚಿಕ್ಕ ಅಳತೆಯ ನಿಷ್ಕೃಷ್ಟತೆಯಿಂದಲೇ ತಿಳಿದಿರಬೇಕು. ೨೮,೦೦೦ ಪಟ್ಟಿನ ಅಡಚಣೆಯನ್ನು ಗದ್ದಲದ ಮಟ್ಟಕ್ಕೆ ಇಳಿಸಲು ಕಂಪವಿಸ್ತಾರಗಳು ೧೬೮ರಲ್ಲಿ ಒಂದು ಪಾಲಿನೊಳಗೆ ಹೊಂದಬೇಕು; ಪ್ರಾವಸ್ಥೆಗಳು ಒಂದು ಡಿಗ್ರಿಯ ಮೂರರಲ್ಲೊಂದು ಭಾಗದೊಳಗೆ ಹೊಂದಬೇಕು. ಈ ಆವರ್ತಾಂಕದಲ್ಲಿ ಅಷ್ಟು ಪ್ರಾವಸ್ಥೆಯೆಂದರೆ ೦.೬ ಪಿಕೋಸೆಕೆಂಡು, ಅಷ್ಟರಲ್ಲಿ ಬೆಳಕು ಚಲಿಸುವ ದೂರವು ೦.೨ ಮಿಲಿಮೀಟರಿಗಿಂತ ಕಡಿಮೆ. ಸ್ಥಿರವಾದ ವ್ಯತ್ಯಾಸಗಳನ್ನು ಗುಣಕಗಳೇ ಸರಿಪಡಿಸಿಕೊಳ್ಳುವುವು. ಆದರೆ ಉಷ್ಣತೆಯಿಂದ ಬದಲಾಗುವ, ಆವರ್ತಾಂಕದಿಂದ ಆವರ್ತಾಂಕಕ್ಕೆ ಬೇರೆಯಾಗುವ ವ್ಯತ್ಯಾಸಗಳು ಉಳಿಯುತ್ತವೆ. ಎಲ್ಲ ಮಾರ್ಗಗಳನ್ನೂ ಒಂದೇ ಸಿಲಿಕಾನ್ ತುಂಡಿನ ಮೇಲೆ ಅಕ್ಕಪಕ್ಕದಲ್ಲಿ ರಚಿಸಿ ಒಂದೇ ಗಡಿಯಾರದಿಂದ ನಡೆಸಿದರೆ ಅವೆಲ್ಲ ಒಟ್ಟಿಗೇ ಕಾಯುತ್ತವೆ, ಒಟ್ಟಿಗೇ ತಣಿಯುತ್ತವೆ. ಒಂದೇ ಚಿಪ್ಪಿನಲ್ಲಿ ಹಲವು ಮಾರ್ಗಗಳನ್ನು ಸೇರಿಸುವುದರ ಮುಖ್ಯ ಲಾಭವು ಇದೇ.

೭. ಚಿಪ್ಪಿನ ಒಟ್ಟು ರಚನೆ

ಈವರೆಗಿನ ವಿವೇಚನೆಯಿಂದ ಚಿಪ್ಪಿನ ರೂಪವು ತಾನಾಗಿಯೇ ಸ್ಪಷ್ಟವಾಗುವುದು. ಹನ್ನೆರಡು ಉಪಗ್ರಹಗಳನ್ನು ಹಿಂಬಾಲಿಸುವ ಗ್ರಾಹಕಯಂತ್ರದಲ್ಲಿ, ಒಂದೊಂದಕ್ಕೂ ಎರಡು ಪ್ರಾವಸ್ಥೆಗಳೂ ಮೂರು ಕಾಲಸ್ಥಾನಗಳೂ ಬೇಕಾಗುವುದರಿಂದ, ೭೨ ಸಹಸಂಬಂಧಕಗಳಿರುವುವು. ಇವನ್ನೆಲ್ಲ ಒಂಬತ್ತು ಬಿಟ್ಟುಗಳಲ್ಲಿ ರಚಿಸುವುದು ದುಂದುವೆಚ್ಚ. ಹಾಗೆ ಮಾಡಬೇಕಾಗಿಯೂ ಇಲ್ಲ. ಅಡಚಣೆಯನ್ನು ಸೋಸಿ ತೆಗೆದಮೇಲೆ ಉಳಿಯುವುದು ಗದ್ದಲವೂ ಅದರ ಕೆಳಗಿನ ಸಂಜ್ಞೆಯೂ ಮಾತ್ರ. ಅದಕ್ಕೆ ಎರಡು ಬಿಟ್ಟುಗಳೇ ಸಾಕೆಂಬುದನ್ನು ಹಿಂದೆಯೇ ನೋಡಿದ್ದೇವೆ. ಆದುದರಿಂದ ಬಾಗಿಲಿನಲ್ಲಿ ಒಂಬತ್ತು ಅಥವಾ ಹೆಚ್ಚು ಬಿಟ್ಟು, ಸೋಸುವ ಭಾಗದಲ್ಲಿಯೂ ಅಷ್ಟೇ, ಅಲ್ಲಿಂದ ಮುಂದೆ ಎರಡೇ ಬಿಟ್ಟು ಎಂಬ ಕ್ರಮವೇ ಯುಕ್ತವಾದುದು. ಮರುಪರಿವರ್ತನೆಯಲ್ಲಿ ಮಿತಿರೇಖೆಯನ್ನು ಗದ್ದಲದ ಸರಾಸರಿ ಮಟ್ಟದಲ್ಲಿಟ್ಟು, ನೂರರಲ್ಲಿ ಸುಮಾರು ೩೨ ಮಾದರಿಗಳು ಅದನ್ನು ಮೀರುವಂತೆ ನೋಡಿಕೊಂಡರೆ ನಷ್ಟವು ಕನಿಷ್ಠವಾಗುವುದು. ಇದರಿಂದ ಹೆಚ್ಚಿನ ವೆಚ್ಚವು ಚಿಪ್ಪಿನ ಒಂದು ಭಾಗಕ್ಕೆ ಮಾತ್ರ ಸೀಮಿತವಾಗುವುದು.

ಇನ್ನೊಂದು ಎಚ್ಚರಿಕೆಯೂ ಅವಶ್ಯಕ. ಸೋಸುಕವು ತರಂಗವನ್ನು ತಡಮಾಡಿಸುವುದು. ಒಂದು ನ್ಯಾನೋಸೆಕೆಂಡಿನ ತಡವೆಂದರೆ ೩೦ ಸ್ಯಾಂಟಿಮೀಟರ್ ದೂರ. ಎಲ್ಲ ಉಪಗ್ರಹಗಳ ಸಂಜ್ಞೆಗೂ ತಡವು ಒಂದೇ ಆಗಿದ್ದರೆ ಅದು ಗಡಿಯಾರದ ದೋಷದಲ್ಲಿ ಸೇರಿಹೋಗಿ ಸ್ಥಾನವನ್ನು ಕೆಡಿಸದು. ಆದರೆ ಆಂಟೆನಾ ಸಮೂಹದ ಗುಣಕಗಳು ದಿಕ್ಕಿನಿಂದ ದಿಕ್ಕಿಗೆ ಬೇರೆ ಬೇರೆ ಪರಿಣಾಮವನ್ನುಂಟುಮಾಡುವುದರಿಂದ, ಸೂಕ್ಷ್ಮ ಮಾಪನದಲ್ಲಿ ಆ ದೋಷವನ್ನು ಲೆಕ್ಕಹಾಕಿ ಕಳೆಯಬೇಕು. ಅಡಚಣೆಯನ್ನು ತೆಗೆಯುವುದರಲ್ಲಿ ಸ್ಥಾನದ ನಿಷ್ಕೃಷ್ಟತೆಯನ್ನೇ ಕಳೆದುಕೊಳ್ಳಬಾರದು.

೮. ನಮ್ಮ ದೇಶದ ಸಂದರ್ಭ

ಭಾರತದ ನಾವಿಕ್ ವ್ಯವಸ್ಥೆಯ ಮೊದಲನೆಯ ಉಪಗ್ರಹವು ೨೦೧೩ರ ಜುಲೈ ೧ರಂದೂ ಏಳನೆಯದು ೨೦೧೬ರ ಏಪ್ರಿಲ್ ೨೮ರಂದೂ ಮೇಲೇರಿದುವು. ಅದರ ಸಂಚಾರ ನಿಯಂತ್ರಣ ಕೇಂದ್ರವು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ ೨೦೧೩ರ ಮೇ ತಿಂಗಳಲ್ಲಿ ಆರಂಭವಾಯಿತು. ಈ ವ್ಯವಸ್ಥೆಯ ಒಂದು ಸಂಜ್ಞೆಯು ೧೧೭೬.೪೫ ಮೆಗಾಹರ್ಟ್ಸಿನಲ್ಲಿದ್ದು, ಹಿಂದೆ ಹೇಳಿದ ವಿಮಾನ ದೂರಮಾಪಕಗಳ ಸ್ಪಂದಗಳನ್ನು ಎದುರಿಸಬೇಕಾಗಿದೆ. ಇನ್ನೊಂದು ೨೪೯೨.೦೨೮ ಮೆಗಾಹರ್ಟ್ಸಿನಲ್ಲಿದೆ. ಮನೆಮನೆಯ ವೈಫೈ ಉಪಕರಣಗಳು ಬಳಸುವ ಪಟ್ಟಿಯು ೨೪೮೩.೫ ಮೆಗಾಹರ್ಟ್ಸಿನಲ್ಲಿ ಮುಗಿಯುವುದು. ಎರಡಕ್ಕೂ ನಡುವಣ ಅಂತರವು ಎಂಟೂವರೆ ಮೆಗಾಹರ್ಟ್ಸ್ ಮಾತ್ರ. ೨೦೨೩ರ ಮೇ ೨೯ರಂದು ಉಡಾಯಿಸಿದ ಎನ್.ವಿ.ಎಸ್.-೦೧ ಉಪಗ್ರಹದಲ್ಲಿ ೧೫೭೫.೪೨ ಮೆಗಾಹರ್ಟ್ಸಿನ ಸಂಜ್ಞೆಯನ್ನೂ ಸೇರಿಸಲಾಗಿದೆ. ಮೂರು ಪಟ್ಟಿಗಳಿಗೂ ಚಿಪ್ಪನ್ನು ರಚಿಸುವವರಿಗೆ ಮೂರು ಬಗೆಯ ನೆರೆಹೊರೆಗಳಿವೆ. ಸ್ಪಂದಗಳಿಗೆ ಒಂದು ಕ್ರಮ, ಪಕ್ಕದ ಪಟ್ಟಿಯ ಪ್ರಬಲ ತರಂಗಕ್ಕೆ ಇನ್ನೊಂದು ಎಂಬ ವಿವೇಕವು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುವುದು.

೯. ಉಪಸಂಹಾರ

ಗ್ರಾಹಕಯಂತ್ರವನ್ನು ಕೊಳ್ಳುವವನು ಅದರ ನಿಷ್ಕೃಷ್ಟತೆಯನ್ನು ಕೇಳುತ್ತಾನೆ, ಬೆಲೆಯನ್ನು ಕೇಳುತ್ತಾನೆ; ಅದರ ಮೊದಲ ಬಾಗಿಲಿನಲ್ಲಿ ಎಷ್ಟು ಬಿಟ್ಟುಗಳಿವೆಯೆಂದು ಕೇಳುವುದು ವಿರಳ. ಪ್ರಶಾಂತ ದಿನದಲ್ಲಿ ಎರಡು ಬಿಟ್ಟಿನ ಯಂತ್ರಕ್ಕೂ ಒಂಬತ್ತು ಬಿಟ್ಟಿನ ಯಂತ್ರಕ್ಕೂ ಕಂಡುಬರುವ ವ್ಯತ್ಯಾಸವು ಅರ್ಧ ಡೆಸಿಬೆಲಿನಷ್ಟು ಮಾತ್ರ. ಅಡಚಣೆಯ ದಿನದಲ್ಲಾದರೋ ಒಂದು ಕುರುಡಾಗುವುದು, ಇನ್ನೊಂದು ಕೆಲಸಮಾಡುತ್ತಿರುವುದು. ವಿಮಾನವನ್ನೋ ವಿದ್ಯುಜ್ಜಾಲವನ್ನೋ ಒಂದು ಯಂತ್ರಕ್ಕೆ ಒಪ್ಪಿಸುವ ಮುನ್ನ ಅದನ್ನು ಅಡಚಣೆಯ ನಡುವೆಯೇ ಪರೀಕ್ಷಿಸಬೇಕೆಂಬುದು ಇದರಿಂದ ಸಿದ್ಧಿಸುವುದು.

ವಿದ್ಯಾರ್ಥಿಗಳು ಈ ಮಾತನ್ನು ಸ್ವತಃ ಪರೀಕ್ಷಿಸಿ ನೋಡಬಹುದು. ಅನುಮತಿಯಿಲ್ಲದೆ ಅಡಚಣೆಯ ತರಂಗವನ್ನು ಪ್ರಸಾರಮಾಡುವುದು ಕಾನೂನಿಗೆ ವಿರುದ್ಧ, ಅಪಾಯಕರವೂ ಹೌದು. ಆದರೆ ಗಣಕಯಂತ್ರವೊಂದಿದ್ದರೆ ಪ್ರಸಾರದ ಅಗತ್ಯವೇ ಇಲ್ಲ. ಹತ್ತು ಮೆಟ್ಟಿಲುಗಳ ಎರಡು ರಿಜಿಸ್ಟರುಗಳಿಂದ ೧,೦೨೩ ಘಟಕಗಳ ಮಾಲೆಯನ್ನು ಪಡೆದು, ಅದಕ್ಕೆ ಅರುವತ್ತು ಪಟ್ಟು ಶಕ್ತಿಯ ಗದ್ದಲವನ್ನೂ ೧೬ ಲಕ್ಷ ಪಟ್ಟು ಶಕ್ತಿಯ ಶುದ್ಧ ತರಂಗವನ್ನೂ ಕೂಡಿಸಿ, ಮೊತ್ತವನ್ನು ಒಮ್ಮೆ ಒಂದು ಬಿಟ್ಟಿನಲ್ಲಿಯೂ ಒಮ್ಮೆ ಒಂಬತ್ತು ಬಿಟ್ಟುಗಳಲ್ಲಿಯೂ ಬರೆದುಕೊಳ್ಳಲಿ. ಎರಡನ್ನೂ ಒಂದೇ ಸೋಸುಕದಲ್ಲಿ ಹಾಯಿಸಿ, ೨೦ ಮಿಲಿಸೆಕೆಂಡುಗಳ ಸಹಸಂಬಂಧವನ್ನು ಹೋಲಿಸಲಿ. ಮಾಲೆಯ ಶಿಖರವು ಯಾವುದರಲ್ಲಿ ಮೇಲೇಳುವುದು, ಯಾವುದರಲ್ಲಿ ಮುಳುಗಿರುವುದು ಎಂಬುದನ್ನು ಕಣ್ಣಾರೆ ಕಂಡವರಿಗೆ ಈ ಲೇಖನದ ಮೂಲತತ್ತ್ವವನ್ನು ಮತ್ತೆ ಹೇಳಬೇಕಾಗಿಲ್ಲ.